ಜಸ್ಟ್ ಇನ್ ಟೈಮ್ ಮಾಡ್ಬೇಕಾ? ಮೊದ್ಲು ವೆಂಡರ್ ಜೊತೆ ಕೂತ್ಕೊಳಿ

ಮಂಡ್ಯ ಕಡೆಯೋರಿಗೆ ಜಸ್ಟ್ ಇನ್ ಟೈಮ್, ಅಂದ್ರೆ ಬೇಕಾದಾಗ ಬೇಕಾದಷ್ಟೇ ಮಾಲ್ ಮಾಡೋ ಜೆಐಟಿ ಪದ್ಧತಿ, ಹೇಳ್ಕೊಡೋದು ಸುಲಭ ಕಣ್ರೀ. ಫ್ಯಾಕ್ಟರಿಯಿಂದ ಕಟಿಂಗ್ ಆರ್ಡರ್ ಬಂದ್ಮೇಲೆ ತಾನೆ ಕಬ್ಬಿಗೆ ಮಚ್ಚು ಹಾಕೋದು, ಮೊದ್ಲೇ ಕಡಿದಿಟ್ರೆ ತೂಕನೂ ಹೋಗುತ್ತೆ, ಇಳುವರಿನೂ ಬೀಳುತ್ತೆ. ಟೊಯೋಟಾ ಕಾರ್ ಕಂಪನಿಯವ್ರ ಕಾನ್‌ಬಾನ್ ಕಾರ್ಡೂ (ಇಷ್ಟು ಮಾಲ್ ಬೇಕು ಅಂತ ಹೇಳೋ ಚೀಟಿ) ಅದೇ ಥರ, ಮುಂದಿನವ್ರು ಕೇಳಿದ್ಮೇಲೆ ಹಿಂದಿನವ್ರು ಮಾಡೋದು.

ಮೈಸೂರು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಂದೊಂದು ಸಣ್ಣ ಯೂನಿಟ್. ಶುರುನಲ್ಲಿ ನಾನ್ ಮಾಡಿದ್ದೇನಂದ್ರೆ, ಬುಷ್ (ಮಷೀನಿಗೆ ಹಾಕೋ ಸಣ್ಣ ಪಾರ್ಟ್) ಮಾಡ್ಕೊಡೋ ವೆಂಡರ್‌ಗೆ ಸ್ಟಾಕೆಲ್ಲಾ ನಿಮ್ಮಲ್ಲೇ ಇಟ್ಕೊಳಿ ಅಂದ್ಬಿಟ್ಟೆ, ನಮ್ ಶೆಡ್ ಖಾಲಿ ಆಯ್ತು, ಜೆಐಟಿ ಬಂತು ಅಂತ ಬೀಗ್ದೆ, ಆರ್ ತಿಂಗ್ಳಿಗೆ ಪಾಪ ಅವ್ರು ಬ್ಯಾಂಕ್ ಬಡ್ಡಿ ಸೇರಿಸಿ ರೇಟ್ ಏರಿಸಿದ್ರು. ಸ್ಟಾಕ್ ಕಮ್ಮಿ ಆಗಿರ್ಲೇ ಇಲ್ಲ, ರಸ್ತೆ ದಾಟಿತ್ತು ಅಷ್ಟೆ.

ಅದಕ್ಕೇ ಹೇಳೋದು, ದಿನಾ ಓಡೋ ಒಂದೇ ಪಾರ್ಟಿಂದ ಶುರು ಮಾಡಿ. ಬಿನ್ (ಪಾರ್ಟ್ ತುಂಬೋ ಡಬ್ಬ) ಲೆಕ್ಕ ಹಿಂಗೆ: ದಿನಕ್ಕೆ 400 ಪೀಸ್ ಬೇಕು, ಖಾಲಿ ಬಿನ್ ಹೋಗಿ ತುಂಬಿ ಬರಕ್ಕೆ 2 ದಿನ, ಅಂದ್ರೆ 800, ಅದಕ್ಕೆ 25% ಸೇಫ್ಟಿ ಹಾಕಿದ್ರೆ 1000. ಬಿನ್ನಿಗೆ 100 ಪೀಸ್ ಅಂದ್ರೆ 10 ಬಿನ್, ಬಿನ್ನಿಗೊಂದರಂತೆ ಹತ್ತೇ ಕಾನ್‌ಬಾನ್ ಕಾರ್ಡ್. ಖಾಲಿ ಬಿನ್ ವಾಪಸ್ ಹೋದ್ರೇನೇ ವೆಂಡರ್ ಹತ್ರ ಲೇತ್ ಮಷೀನ್ ಓಡ್ಬೇಕು. ಮುಂದಿನ ವಾರದ ಪ್ಲಾನ್ ಕೊಟ್ಮೇಲೆ ಬದಲಾಯಿಸ್ಬೇಡಿ, ರಾತ್ರಿ ಹತ್ತಕ್ಕೆ ಫೋನ್ ಮಾಡಿ ಬೆಳಿಗ್ಗೆ ಮಾಲ್ ಬೇಕು ಅನ್ನೋದು ಜೆಐಟಿ ಅಲ್ಲ, ದಬ್ಬಾಳಿಕೆ.

ಸ್ಟಾಕ್ ಕಮ್ಮಿ ಇದ್ದಾಗ ಒಂದ್ ಬಿನ್ ರಿಜೆಕ್ಟ್ ಆದ್ರೂ ಲೈನ್ ನಿಲ್ಲುತ್ತೆ, ಹಂಗಾಗಿ ಗೇಜ್ (ಅಳತೆ ನೋಡೋ ಸಾಧನ) ನಿಮ್ಮ, ವೆಂಡರ್ ಇಬ್ಬರ ಹತ್ರನೂ ಒಂದೇ ಥರದ್ದಿರ್ಲಿ, ಚೆಕಿಂಗ್ ಅವ್ರಲ್ಲೇ ಮುಗೀಲಿ. ಮೈಸೂರಿನ ಹೂಟಗಳ್ಳಿ, ಕೂರ್ಗಳ್ಳಿ, ಮೇಟಗಳ್ಳಿ ವೆಂಡರ್‌ಗಳ ಹತ್ರಕ್ಕೆ ಮೂರು ಅರ್ಧ ಖಾಲಿ ಗಾಡಿ ಯಾಕೆ, ಒಂದೇ ಟೆಂಪೋ ಹಾಲಿನ ವ್ಯಾನ್ ಥರ ಸುತ್ತಲಿ.

ದುಡ್ಡು? ಸಣ್ಣ ಉದ್ದಿಮೆಯೋರಿಗೆ 2006ರ ಎಂಎಸ್‌ಎಂಇಡಿ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ, ಬರೆದು ಒಪ್ಪಿಕೊಂಡಿದ್ರೂ ಪೇಮೆಂಟ್ 45 ದಿನ ಮೀರೋ ಹಾಗಿಲ್ಲ. ಟೈಮಿಗೆ ಮಾಲ್ ಕೇಳೋರು ಟೈಮಿಗೆ ಪೇಮೆಂಟೂ ಹಾಕ್ಬೇಕಲ್ವಾ.

ಹಂಗಂತ ಎಲ್ಲಾದಕ್ಕೂ ಇದನ್ನ ಹಾಕಕ್ಕೆ ಹೋಗ್ಬೇಡಿ. 1997ರ ಫೆಬ್ರವರಿ 1ಕ್ಕೆ ಜಪಾನಲ್ಲಿ ಟೊಯೋಟಾಗೆ ಪಾರ್ಟ್ ಕೊಡೋ ಐಸಿನ್ ಕಂಪನಿಯ ಕಾರಿಯಾ ಪ್ಲಾಂಟಿಗೆ ಬೆಂಕಿ ಬಿತ್ತು, ಒಂದು ಪುಟ್ಟ ಬ್ರೇಕ್ ವಾಲ್ವ್ ಹೆಚ್ಚುಕಮ್ಮಿ ಅಲ್ಲೇ ಆಗ್ತಿದ್ದಿದ್ದು, ಟೊಯೋಟಾ ಲೈನ್‌ಗಳು ನಿಂತೋದ್ವು. ಬೇರೆ ಸಪ್ಲೈಯರ್‌ಗಳು ಡ್ರಾಯಿಂಗ್ ಇಸ್ಕೊಂಡು ತಮ್ ಮಷೀನಲ್ಲೇ ವಾಲ್ವ್ ಮಾಡ್ಕೊಟ್ಟಿದ್ದಕ್ಕೆ ಕೆಲವೇ ದಿನದಲ್ಲಿ ಮತ್ತೆ ಓಡಿದ್ವು. ಇಂಪೋರ್ಟ್ ಬೇರಿಂಗ್, ಬೆಂಗಳೂರಿಗೆ ಹೋಗಿ ಬರೋ ಹೀಟ್ ಟ್ರೀಟ್ಮೆಂಟ್ ಐಟಂ ಇವಕ್ಕೆಲ್ಲ ಸ್ಟಾಕ್ ಇಟ್ಕೊಳಿ. ದಸರಾ ಟೈಮಲ್ಲಿ ಆಯುಧಪೂಜೆಗೆ ಲೇತ್ ನಿಲ್ಲುತ್ತೆ, ಹುಡುಗ್ರು ಊರಿಗೆ ಹೋಗ್ತಾರೆ, ಆ ವಾರಕ್ಕೆ ಮೊದ್ಲೇ ಹೇಳಿ ನಾಕು ಬಿನ್ ಜಾಸ್ತಿ ತುಂಬಿಸ್ಕೊಳಿ.