ಬೇಳೆ ಬೆವರುತ್ತೆ ಕಣೇ

2020ರ ಯುಗಾದಿ ದಿನವೇ ಲಾಕ್‌ಡೌನ್ ಶುರುವಾಯ್ತಲ್ಲ, ಆಗ ನಾನೂ ಎಲ್ಲರ ಹಾಗೆ ಗಾಬರಿಯಾಗಿ 10 ಕೆಜಿ ತೊಗರಿಬೇಳೆ ತರಿಸಿಬಿಟ್ಟೆ. ಮನೆಯಲ್ಲಿ ಇರುವುದು ಮೂರೇ ಜನ. ಅದುವರೆಗೆ ಒಂದು ಕೆಜಿ ಪ್ಯಾಕೆಟ್ ಮುಗಿದ ಮೇಲೆ ಇನ್ನೊಂದು ತರುತ್ತಿದ್ದವಳು ನಾನು. ಇಷ್ಟನ್ನು ಹೇಗೆ ಇಡೋದು ಅಂತ ಗೊತ್ತಿರಲಿಲ್ಲ.

ತಿಪಟೂರು ಕಡೆ ಹಳ್ಳಿಯಲ್ಲಿರುವ ಅತ್ತೆಗೆ ಫೋನ್ ಮಾಡಿದೆ. ಅವರ ಮನೆಯಲ್ಲಿ ಬೇಸಿಗೆ ಬಂತೆಂದರೆ ವರ್ಷದ ಬೇಳೆಕಾಳು, ಹುಣಸೆಹಣ್ಣು, ಮೆಣಸಿನಕಾಯಿ ಎಲ್ಲಾ ಒಂದೇ ಸಲ ಒಣಗಿಸಿ ತುಂಬಿಡುತ್ತಾರೆ. "ಚೆನ್ನಾಗಿ ಬಿಸಿಲಿಗೆ ಹಾಕಿ, ಹರಳೆಣ್ಣೆ ಸವರಿ, ಬೇವಿನಸೊಪ್ಪು ಹಾಕಿಡಮ್ಮ, ಏನೂ ಆಗಲ್ಲ" ಅಂದರು. ಅಷ್ಟೇ ತಾನೇ ಅಂದುಕೊಂಡೆ.

ಟೆರೇಸ್ ಮೇಲೆ ಹಳೇ ಕಾಟನ್ ಸೀರೆ ಹಾಸಿ ಬೇಳೆ ಹರವಿದೆ. ಪಾರಿವಾಳ ಓಡಿಸೋಕೆ ಮಗನನ್ನು ಕೂರಿಸಿದೆ. ಸಂಜೆ ನಾಲ್ಕಕ್ಕೆ ಬೇಳೆ ಮುಟ್ಟಿದರೆ ಬೆಚ್ಚಗೆ, ಹಿತವಾಗಿ ಇತ್ತು. ಆ ಬಿಸಿಗೇ ಅರ್ಧ ಬೇಳೆಯನ್ನು ಡಬ್ಬಕ್ಕೆ ತುಂಬಿ, ಮೇಲೆ ಆಗಷ್ಟೇ ಕಿತ್ತ ಬೇವಿನಸೊಪ್ಪು ಇಟ್ಟು, ಮುಚ್ಚಳ ಬಿಗಿ ಮಾಡಿದೆ. ಉಳಿದ ಅರ್ಧಕ್ಕೆ ಡಬ್ಬ ಇರಲಿಲ್ಲ. ಪಕ್ಕದ ಮನೆಯವರು ಮಾರನೇ ದಿನ ಬೆಳಿಗ್ಗೆ ಒಂದು ಕೊಟ್ಟರು, ಆಗ ತುಂಬಿದೆ.

ಮೂರು ವಾರದ ಮೇಲೆ ಮೊದಲ ಡಬ್ಬ ತೆಗೆದರೆ ಮುಗ್ಗಲು ವಾಸನೆ. ಮೇಲಿನ ಬೇಳೆ ಗಂಟುಗಂಟು, ಅಲ್ಲಲ್ಲಿ ಬೂಷ್ಟು. ಅಷ್ಟೂ ಬಿಸಾಡಬೇಕಾಯಿತು. ಮಾರನೇ ದಿನ ತುಂಬಿದ ಡಬ್ಬಕ್ಕೆ ಏನೂ ಆಗಿರಲಿಲ್ಲ. ಅದೇ ಅಂಗಡಿ, ಅದೇ ಬಿಸಿಲು, ಅದೇ ಎಣ್ಣೆ.

ಅತ್ತೆಗೆ ಹೇಳಿದರೆ, "ಆರೋಕೆ ಮುಂಚೆನೇ ತುಂಬಿಬಿಟ್ಯಾ? ಬೇಳೆ ಬೆವರುತ್ತೆ ಕಣೇ!" ಅಂದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಅದನ್ನೂ ಹೇಳ್ಬೇಕಾ?" ಅಂದರು. ಅವರಿಗೆ ಅದು ಹೇಳುವ ವಿಷಯವೇ ಅಲ್ಲ. ಬಿಸಿ ಬೇಳೆ ಮುಚ್ಚಿದ ಡಬ್ಬದೊಳಗೆ ರಾತ್ರಿ ತಣ್ಣಗಾಗುವಾಗ ಒಳಗಿನ ಪಸೆ ಮುಚ್ಚಳಕ್ಕೆ ಹತ್ತಿ ಮತ್ತೆ ಬೇಳೆ ಮೇಲೇ ಇಳಿಯುತ್ತದೆ. ಜೊತೆಗೆ ನನ್ನ ಹಸಿ ಸೊಪ್ಪಿನ ನೀರು ಬೇರೆ.

ಈಗ ನಾನು ಮಾಡೋದು ಹೀಗೆ. ಮಾರ್ಚ್‌ನಲ್ಲಿ, ಮಳೆ ಹನಿಯುವ ಮುಂಚೆ, ಎರಡು ದಿನ ಒಳ್ಳೇ ಬಿಸಿಲು. ಒಂದು ಬೇಳೆ ಹಲ್ಲಿನಲ್ಲಿ ಕಚ್ಚಿದರೆ ಕಟ್ ಅಂತ ಮುರಿಯಬೇಕು, ಮೆತ್ತಗೆ ಒತ್ತಿಕೊಂಡರೆ ಇನ್ನೊಂದು ದಿನ ಬೇಕು. ಸಂಜೆ ಒಳಗೆ ತಂದು ರಾತ್ರಿಯಿಡೀ ನೆಲದ ಮೇಲೆ ಹರವಿ ಬಿಡುತ್ತೇನೆ. ಹಾಲ್‌ನಲ್ಲಿ ಓಡಾಡೋಕೆ ಜಾಗ ಇರಲ್ಲ, ಯಜಮಾನರು ಗೊಣಗುತ್ತಾರೆ. ಗೊಣಗಲಿ.

ಎಣ್ಣೆ ಸವರುವುದು ಬೆಳಿಗ್ಗೆ. ಒಂದು ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ, ಅದಕ್ಕಿಂತ ಜಾಸ್ತಿ ಬೇಡ. ಬೇಳೆ ಮೇಲೆ ಸುರಿದರೆ ಒಂದೇ ಕಡೆ ಉಂಡೆ ಕಟ್ಟುತ್ತದೆ. ಅಂಗೈಗೆ ಹಾಕಿಕೊಂಡು, ಎರಡೂ ಕೈ ಉಜ್ಜಿ, ಮೊರದಲ್ಲಿ ಸ್ವಲ್ಪ ಸ್ವಲ್ಪ ಬೇಳೆ ತೆಗೆದುಕೊಂಡು ಕೈಯೊಳಗೆ ಹೊರಳಿಸಬೇಕು. ಮೊದಲು ಕೈಗೆ ಅಂಟುತ್ತದೆ. ಉಜ್ಜುತ್ತಾ ಹೋದ ಹಾಗೆ ಬಿಟ್ಟುಕೊಂಡು ಜಾರತೊಡಗುತ್ತದೆ, ಸದ್ದು ಕೂಡ ಬದಲಾಗುತ್ತದೆ. ಮುಷ್ಟಿ ಬಿಚ್ಚಿದರೆ ಒಂದು ಕಾಳೂ ಅಂಗೈಗೆ ಮೆತ್ತಿಕೊಳ್ಳದೆ ಉದುರಿದರೆ ಸಾಕು ಅಂತ ಲೆಕ್ಕ. ಕಾಳಿಗೆ ಎಣ್ಣೆ ಪೊರೆ ಇದ್ದರೆ ಹುಳಕ್ಕೆ ಮೊಟ್ಟೆ ಇಡೋಕೆ ಹಿಡಿತ ಸಿಗಲ್ಲ, ಇಟ್ಟ ಮೊಟ್ಟೆಗೂ ಉಸಿರುಗಟ್ಟುತ್ತದೆ. ಮತ್ತೆ ಒಂದು ದಿನ ಬಿಸಿಲು, ಮತ್ತೆ ಒಂದು ರಾತ್ರಿ ಆರಿಸುವುದು. ಬೇವಿನಸೊಪ್ಪು ನೆರಳಲ್ಲಿ ಒಣಗಿ, ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು. ಊರಲ್ಲಾದರೆ ಲಕ್ಕಿ ಸೊಪ್ಪೂ ಹಾಕುತ್ತಾರೆ. ಬೇಯಿಸುವ ಮುಂಚೆ ಬಿಸಿನೀರಲ್ಲಿ ಎರಡು ಸಲ ತೊಳೆದರೆ ಎಣ್ಣೆ ವಾಸನೆ ಇರಲ್ಲ.

ಅಕ್ಕಿಗೆ ಇದೇ ಕ್ರಮ ಮಾಡೋಕೆ ಹೋಗಬೇಡಿ. ಉರಿಬಿಸಿಲಿಗೆ ಅಕ್ಕಿ ಬಿರುಕು ಬಿಟ್ಟು, ಅನ್ನ ಮಾಡಿದಾಗ ನುಚ್ಚಾಗುತ್ತದೆ. ಅದಕ್ಕೆ ನೆರಳು, ಫ್ಯಾನ್ ಗಾಳಿ, ಒಣ ಮೆಣಸಿನಕಾಯಿ ಅಷ್ಟೇ. ನಮ್ಮಮ್ಮನ ಕಾಲದಲ್ಲಿ ಅಕ್ಕಿಗೆ ಬೋರಿಕ್ ಪೌಡರ್ ಬೆರೆಸುತ್ತಿದ್ದರು. ತೊಳೆದರೆ ಹೋಗುತ್ತೆ ಅನ್ನುತ್ತಿದ್ದರು. ಅದು ತಿನ್ನುವ ವಸ್ತುವಲ್ಲ, ನಾನು ಮುಟ್ಟಲ್ಲ. ಹಳೇದೆಲ್ಲಾ ಒಳ್ಳೇದು ಅಂತ ಏನಿಲ್ಲವಲ್ಲ.

ರಾಗಿಯದ್ದು ಚಿಂತೆಯೇ ಇಲ್ಲ. ಅಷ್ಟು ಸಣ್ಣ ಕಾಳಿಗೆ ಹುಳದ ಕಾಟ ಕಡಿಮೆ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಗುಂಡಿಯಲ್ಲಿ, ವರ್ಷಗಟ್ಟಲೆ ಇಟ್ಟು ತಿಂದವರು ನಮ್ಮೂರವರು.

ನನಗೆ ಸೋಲಾಗಿದ್ದು ಅಲಸಂದೆ ಮತ್ತು ಹೆಸರುಕಾಳಿನಲ್ಲಿ. ಒಡೆದ ಬೇಳೆಗಿಂತ ಇಡೀ ಕಾಳೆಂದರೆ ಈ ಹುಳಕ್ಕೆ ಪ್ರಾಣ. ಸಿಪ್ಪೆ ಮೇಲೆ ಸುಣ್ಣದ ಚುಕ್ಕಿಯಂಥ ಮೊಟ್ಟೆ ಅಂಟಿಸಿರುತ್ತದೆ. ಮರಿ ಒಳಗೇ ತಿಂದು ಬೆಳೆದು, ದೊಡ್ಡ ಹುಳವಾಗಿ ದುಂಡಗಿನ ತೂತಿನಿಂದ ಹೊರಬರುತ್ತದೆ. ಅತ್ತೆ ಜರಡಿ ಹಿಡಿದ ಒಲೆಬೂದಿ ಬೆರೆಸಿಡುತ್ತಾರೆ. ಫ್ಲಾಟಿನಲ್ಲಿ ಬೂದಿ ಎಲ್ಲಿಂದ ತರಲಿ? ನಾನು ಕಾಳನ್ನು ಒಂದು ವಾರ ಫ್ರೀಜರ್‌ನಲ್ಲಿಟ್ಟು ತೆಗೆಯುತ್ತೇನೆ. ಇಲ್ಲೂ ಬೆವರಿನದ್ದೇ ಕಥೆ: ಹೊರಗೆ ತೆಗೆದ ಪ್ಯಾಕೆಟ್ಟನ್ನು ತಣುಪು ಬಿಡುವವರೆಗೆ ಬಿಚ್ಚಬಾರದು, ಬಿಚ್ಚಿದರೆ ಕಾಳೆಲ್ಲಾ ಒದ್ದೆ.

ಈಗ ಅತ್ತೆ ಪ್ರತಿ ವರ್ಷ ಶ್ರಾವಣಕ್ಕೆ ಬರುತ್ತಾರೆ. ಬ್ಯಾಗ್ ಇಟ್ಟು, ಕೈಕಾಲು ತೊಳೆದು, ಸೆರಗಲ್ಲಿ ಕೈ ಚೆನ್ನಾಗಿ ಒರೆಸಿಕೊಂಡು ಸೀದಾ ಬೇಳೆ ಡಬ್ಬದ ಹತ್ತಿರ ಹೋಗುತ್ತಾರೆ. ಕೈಯನ್ನು ಮೊಣಕೈವರೆಗೂ ಒಳಗೆ ಇಳಿಸಿ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಾರೆ. ಹುಳವೋ ಪಸೆಯೋ ಇದ್ದರೆ ಅಡಿಯಲ್ಲಿ ಬೇಳೆ ಬೆಚ್ಚಗಾಗಿರುತ್ತದಂತೆ. ಹೋದ ಸಲವೂ ಹಾಗೇ ನಿಂತರು. ಆಮೇಲೆ ಕೈ ತೆಗೆದು, "ತಣ್ಣಗಿದೆ. ಕಾಫಿ ಇಡು" ಅಂದರು.