ಹಸುವಿನ ಲೆಕ್ಕ ಕುದುರೆಗೆ ಹಾಕಬೇಡಿ

ಸಕಲೇಶಪುರದ ಸುತ್ತಮುತ್ತ ಇಪ್ಪತ್ತೆರಡು ವರ್ಷ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಕೊಂಡು ಬಂದವನು ನಾನು. ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ ಇಂಜೆಕ್ಷನ್, ಸಂಜೆ ಬಂದರೆ ಮಾರನೇ ಬೆಳಿಗ್ಗೆ. ಹಾನುಬಾಳು ಕಡೆಯ ಕಾಫಿ ತೋಟದ ಯಜಮಾನರೊಬ್ಬರು ಎರಡು ಹೆಣ್ಣುಕುದುರೆ, ಒಂದು ಗಂಡು ತಂದು ಕಟ್ಟಿದಾಗ ಅವುಗಳಿಗೂ ಇದೇ ಲೆಕ್ಕ ಹಾಕಿದೆ. ಬೆದೆ ಕಂಡ ದಿನ ಗಂಡು ಹಾರಿಸಿ ಬಿಟ್ಟುಬಿಡುತ್ತಿದ್ದೆ. ಮೂರು ಸಲ ಖಾಲಿ ಹೋಯಿತು. ನಾಲ್ಕನೇ ಸಲ ಗೌರಿ ಎನ್ನುವ ಕೆಂಪು ಕುದುರೆಗೆ ಗಬ್ಬ ನಿಂತಿತು. ಎಂಟನೇ ತಿಂಗಳಲ್ಲಿ, ಜಡಿಮಳೆಯ ಒಂದು ಬೆಳಿಗ್ಗೆ, ಲಾಯದ ಹುಡುಗ ಓಡಿ ಬಂದು "ಅಣ್ಣ, ಕಂದು ಹಾಕಿಬಿಟ್ಟಿದೆ, ಎರಡಿದಾವೆ" ಎಂದ. ಎರಡೂ ಮರಿ ಸತ್ತಿದ್ದವು. ಆಮೇಲೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾಕ್ಟರೊಬ್ಬರ ಪಕ್ಕ ನಿಂತು ಸ್ಕ್ಯಾನ್ ಪರದೆ ನೋಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೆದೆ. ಹಸುವಿನ ಬೆದೆ 12–18 ಗಂಟೆಯ ಮಾತು. ಅದು ಇಳಿದು ಸುಮಾರು 10–12 ಗಂಟೆಯಾದ ಮೇಲೆ ಅಂಡ ಬಿಡುತ್ತದೆ. ಕುದುರೆಯದು 5ರಿಂದ 7 ದಿನ. ಅಂಡ ಬಿಡುವುದು ಬೆದೆ ಮುಗಿಯುವುದಕ್ಕೆ ಒಂದೆರಡು ದಿನ ಮುಂಚೆ. ಗಂಡಿನ ಬೀಜ ಒಳಗೆ ಎರಡು ಮೂರು ದಿನ ಜೀವ ಹಿಡಿಯುತ್ತದೆ, ಅಂಡಕ್ಕೆ ಅರ್ಧ ದಿನದ ಆಯುಸ್ಸು. ಮೊದಲ ದಿನವೇ ಹಾರಿಸಿ ಸುಮ್ಮನಾದರೆ ಅಂಡ ಬರುವಷ್ಟರಲ್ಲಿ ಬೀಜ ಸತ್ತಿರುತ್ತದೆ. ನನ್ನ ಮೂರು ಸಲದ ಖಾಲಿಗೆ ಕಾರಣ ಇಷ್ಟೇ.

ಬೆದೆ ಗುರುತಿಸಲು ಗಂಡುಕುದುರೆ ಬೇಕು. ಹಸುವಿನ ಹಾಗೆ ಒಂದರ ಮೇಲೊಂದು ಹತ್ತುವುದನ್ನು ಕಾಯಬೇಡಿ. ದಿನಾ ಗಟ್ಟಿ ಅಡ್ಡಗಳದ ಆಚೆ ಗಂಡನ್ನು ನಿಲ್ಲಿಸಿ. ಬೆದೆಯಲ್ಲಿರುವ ಹೆಣ್ಣು ಬಾಲ ಪಕ್ಕಕ್ಕೆ ಎತ್ತಿ, ಹಿಂಗಾಲು ಅಗಲಿಸಿ, ಚೂರುಚೂರೇ ಉಚ್ಚೆ ಹೊಯ್ಯುತ್ತದೆ, ಯೋನಿಯ ತುಟಿ ಬಿಚ್ಚಿ ಮುಚ್ಚುತ್ತದೆ. ಬೆದೆ ಇಲ್ಲದ್ದು ಕಿವಿ ಹಿಂದಕ್ಕೆ ಒತ್ತಿ ಒದೆಯುತ್ತದೆ. ಹಗಲು ಉದ್ದವಾದಂತೆ ಬೆದೆ ಸರಿಯಾಗಿ ತಿರುಗುವ ಪ್ರಾಣಿ ಇದು. ನಮ್ಮ ಜಿಲ್ಲೆಯಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸವಾದ್ದರಿಂದ ಚಳಿದೇಶದ ಕುದುರೆಗಳಷ್ಟು ದೀರ್ಘ ವಿರಾಮ ಇಲ್ಲಿನವುಗಳಿಗೆ ಇರುವುದಿಲ್ಲ.

ಬೆದೆಯ ಎರಡು ಮೂರನೇ ದಿನದಿಂದ ಸ್ಕ್ಯಾನ್ ಶುರು ಮಾಡಿಸಿ. ಒಂದು ಮಾತು ಕೈಮುಗಿದು ಹೇಳುತ್ತೇನೆ: ಹಸುವಿನ ಗುದದೊಳಗೆ ಕೈ ಹಾಕಿ ನೋಡಿ ಅಭ್ಯಾಸವಿದೆ ಎಂದು ಕುದುರೆಗೆ ಹಾಕಬೇಡಿ. ಕುದುರೆಯ ಗುದನಾಳ ಬಲು ಸೂಕ್ಷ್ಮ. ಒಂದು ಸಲ ಹರಿದರೆ ಪ್ರಾಣಿ ಉಳಿಯುವುದೇ ಕಷ್ಟ. ನಾನು ಇವತ್ತಿಗೂ ಹಾಕುವುದಿಲ್ಲ. ಅದು ಡಾಕ್ಟರ ಕೆಲಸ, ಅದೂ ಕುದುರೆಯನ್ನು ಕಟಕಟೆಯಲ್ಲಿ ಭದ್ರವಾಗಿ ನಿಲ್ಲಿಸಿದ ಮೇಲೆ.

ಪರದೆಯಲ್ಲಿ ಅಂಡದ ಗುಳ್ಳೆ ಕಪ್ಪಗೆ, ದುಂಡಗೆ ಕಾಣುತ್ತದೆ. ಹಸುವಿನದು 15–20 ಮಿ.ಮೀ.ಗೆ ಒಡೆದರೆ ಕುದುರೆಯದು ದಿನಕ್ಕೆ ಸುಮಾರು 3 ಮಿ.ಮೀ. ಬೆಳೆಯುತ್ತಾ 40 ಮಿ.ಮೀ. ಆಸುಪಾಸಿಗೆ, ಕೆಲವಕ್ಕೆ 50 ದಾಟಿಯೂ ಒಡೆಯುತ್ತದೆ. ಗರ್ಭಕೋಶವನ್ನೂ ತೋರಿಸಲು ಹೇಳಿ. ಬೆದೆಯಲ್ಲಿ ಅದರ ಒಳಪದರ ಊದಿ, ಅಡ್ಡಕ್ಕೆ ಕೊಯ್ದ ಕಿತ್ತಳೆಯ ತೊಳೆಗಳ ಹಾಗೆ ಕಾಣುತ್ತದೆ. ಗುಳ್ಳೆ ಮೆತ್ತಗಾಗಿ, ದುಂಡು ತಪ್ಪಿ ಒಂದು ಕಡೆ ಚೂಪಾಗಿ, ಕಿತ್ತಳೆಯ ಗೆರೆಗಳು ಮಾಸತೊಡಗಿದರೆ ಇನ್ನೊಂದು ದಿನ ಎಂದು ತಿಳಿಯಿರಿ. 35 ಮಿ.ಮೀ. ದಾಟಿದಾಗಿನಿಂದ ದಿನ ಬಿಟ್ಟು ದಿನ ಹಾರಿಸಿ. ಗಂಡು ದೂರದಿಂದ ಬರಬೇಕಾದರೆ, ಈ ಗಾತ್ರಕ್ಕೆ ಬಂದು ಊತವೂ ಇರುವಾಗ ಡಾಕ್ಟರು ಎಚ್‌ಸಿಜಿ ಎನ್ನುವ, ಅಂಡ ಬಿಡಿಸುವ ಹಾರ್ಮೋನು ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ 36–48 ಗಂಟೆಯೊಳಗೆ ಅಂಡ ಬಿಡುತ್ತದೆ. ನಿನ್ನೆ ಇದ್ದ ಕಪ್ಪು ಗುಳ್ಳೆ ಇವತ್ತು ಕಾಣದಿದ್ದರೆ ಆ ತಾರೀಕು ಬರೆದಿಡಿ. ಎಷ್ಟು ಗುಳ್ಳೆ ಒಡೆಯಿತು ಎಂಬುದನ್ನೂ ಬರೆಯಿರಿ. ಮುಂದಿನ ಎಲ್ಲ ಲೆಕ್ಕ ಆ ದಿನದಿಂದ, ಹಾರಿಸಿದ ದಿನದಿಂದ ಅಲ್ಲ.

ಇನ್ನು ಗಬ್ಬ. ಭ್ರೂಣ ಆರನೇ ದಿನದ ಹೊತ್ತಿಗೆ ಗರ್ಭಕೋಶಕ್ಕೆ ಇಳಿಯುತ್ತದೆ. ಹಸುವಿನದು ದಾರದ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಕುದುರೆಯದು ಗೋಲಿಯಂತೆ ದುಂಡಗೇ ಇದ್ದು ಗರ್ಭಕೋಶದ ಎರಡು ಕೊಂಬುಗಳ, ಅಂದರೆ ಕವಲುಗಳ, ನಡುವೆ ಉರುಳಾಡುತ್ತಿರುತ್ತದೆ. ತಾನು ಇದ್ದೇನೆಂದು ತಾಯಿಗೆ ತಿಳಿಸುವ ಬಗೆ ಅದು. 16ನೇ ದಿನದ ಹೊತ್ತಿಗೆ ಒಂದು ಕೊಂಬಿನ ಬುಡದಲ್ಲಿ ನಿಲ್ಲುತ್ತದೆ. ಅಷ್ಟರೊಳಗೆ, 14 ಅಥವಾ 15ನೇ ದಿನ, ಸ್ಕ್ಯಾನ್ ಆಗಲೇಬೇಕು. ಎರಡು ಗೋಲಿ ಕಂಡರೆ ಡಾಕ್ಟರು ಒಂದನ್ನು ಬೇರ್ಪಡಿಸಿ ಹಿಸುಕಿ ತೆಗೆಯುತ್ತಾರೆ. ಎರಡೂ ಒಂದೇ ಕಡೆ ಅಂಟಿ ನಿಂತ ಮೇಲೆ ಅದು ತುಂಬಾ ಕಷ್ಟ. ಹಸು ಅವಳಿ ಹೆತ್ತರೆ ಮನೆಯವರು ಸಿಹಿ ಹಂಚುತ್ತಾರೆ. ಕುದುರೆಯ ಬಸಿರಲ್ಲಿ ಎರಡಕ್ಕೆ ಸಾಲುವಷ್ಟು ಜಾಗವಿಲ್ಲ, ಬಹುಪಾಲು ಕೊನೆಯ ತಿಂಗಳುಗಳಲ್ಲಿ ಕಂದು ಹೋಗುತ್ತವೆ. ಗೌರಿಗೆ ಆ ವರ್ಷ ನಾನು ಈ ಒಂದು ಸ್ಕ್ಯಾನ್ ಮಾಡಿಸಿರಲಿಲ್ಲ.

ವಯಸ್ಸಾದ ಕುದುರೆಯ ಗರ್ಭಕೋಶದಲ್ಲಿ ನೀರುಗುಳ್ಳೆಗಳಿದ್ದರೆ ಅವೂ ಗಬ್ಬದ ಹಾಗೇ ಕಾಣುತ್ತವೆ. ಹಾರಿಸುವ ಮೊದಲೇ ಎಲ್ಲೆಲ್ಲಿವೆ ಎಂದು ಚಿತ್ರ ಬರೆದಿಟ್ಟುಕೊಳ್ಳಿ. ಗಬ್ಬವಾದರೆ ಜಾಗ ಬದಲಿಸುತ್ತದೆ, ಬೆಳೆಯುತ್ತದೆ.

ಎರಡನೇ ಸ್ಕ್ಯಾನ್ 28ನೇ ದಿನದ ಸುಮಾರಿಗೆ, ಎದೆಬಡಿತ ನೋಡುವುದಕ್ಕೆ. 35ನೇ ದಿನ ದಾಟಲು ಬಿಡಬೇಡಿ. ಅಲ್ಲಿಂದಾಚೆ ಗರ್ಭಕೋಶದ ಗೋಡೆಯಲ್ಲಿ ಬಟ್ಟಲಿನಂಥ ಗಂಟುಗಳು ಮೂಡಿ ತಮ್ಮದೇ ಹಾರ್ಮೋನು ಸುರಿಸುತ್ತವೆ. ಭ್ರೂಣ ಸತ್ತರೂ ಅವು ತಿಂಗಳುಗಟ್ಟಲೆ ಉಳಿದು ಕುದುರೆ ಸರಿಯಾಗಿ ಬೆದೆಗೆ ತಿರುಗುವುದಿಲ್ಲ. ವರ್ಷವೇ ಹಾಳು.

ಬೆದೆ ತರಿಸಲು ಕೊಡುವ ಪಿಜಿ (ಪ್ರೊಸ್ಟಗ್ಲಾಂಡಿನ್) ಹಾರ್ಮೋನು ಇಂಜೆಕ್ಷನ್ನನ್ನು ಬಸುರಿಯರು, ಉಬ್ಬಸ ಇರುವವರು ಮುಟ್ಟಲೇಬಾರದು. ಅದು ಚರ್ಮದ ಮೂಲಕವೇ ಒಳಗಿಳಿಯುತ್ತದೆ.

ಮಾರನೇ ವರ್ಷ 15ನೇ ದಿನ ಗೌರಿಯಲ್ಲಿ ಒಂದೇ ಗೋಲಿ ಕಂಡಿತು. 28ನೇ ದಿನ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದು ಎಳೆಯೊಂದರ ನಡುವೆ ಮಿಣಮಿಣ ಮಿಡಿತ. ಲಾಯದ ಹುಡುಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅಂಡ ಬಿಟ್ಟ ದಿನದಿಂದ ಹೆರಿಗೆಗೆ ಸುಮಾರು 340 ದಿನ ಎಣಿಸಿ, 320 ಆದ ಮೇಲೆ ಲಾಯದ ಹತ್ತಿರವೇ ಮಲಗಿ. ಕುದುರೆ ಮರಿ ಹಾಕುವುದು ಹೆಚ್ಚಾಗಿ ರಾತ್ರಿ ಹೊತ್ತು.