ಪಿಕಲ್ಡ್ ಶ್ರಿಂಪ್: ಪಾರ್ಟಿಯ ಹಿಂದಿನ ದಿನವೇ ಮಾಡಿಡುವ ಸಿಗಡಿ

ಅಮೆರಿಕದ ಸೌತ್ ಕೆರೊಲಿನಾ ಮತ್ತು ಜಾರ್ಜಿಯಾದ ಕರಾವಳಿ ಸೀಮೆಯನ್ನು ಅಲ್ಲಿನವರು ಲೋಕಂಟ್ರಿ ಎಂದು ಕರೆಯುತ್ತಾರೆ. ಆ ಸೀಮೆಯ ಮನೆಗಳಲ್ಲಿ ಇಪ್ಪತ್ತು ಮೂವತ್ತು ಜನ ಸೇರುವ ದಿನ ಊಟಕ್ಕೆ ಮುಂಚೆ ಮೇಜಿನ ಮೇಲಿಡುವ ತಿನಿಸುಗಳಲ್ಲಿ ಪಿಕಲ್ಡ್ ಶ್ರಿಂಪ್ ಒಂದು. ಬೇಯಿಸಿದ ಸಿಗಡಿಯನ್ನು ಈರುಳ್ಳಿ, ನಿಂಬೆ, ಬೇ ಎಲೆ, ಸಾಸಿವೆ ಮತ್ತು ಸೆಲರಿ ಬೀಜದ ಜೊತೆಗೆ ವಿನೆಗರ್ ಹಾಗೂ ಎಣ್ಣೆಯಲ್ಲಿ ನೆನೆಹಾಕಿ, ಫ್ರಿಜ್ಜಿನಲ್ಲಿಟ್ಟು, ತಣ್ಣಗೆಯೇ ಬಡಿಸುತ್ತಾರೆ. ಚಾರ್ಲ್ಸ್‌ಟನ್ ಪಕ್ಕದ ಮೌಂಟ್ ಪ್ಲೆಸೆಂಟ್‌ನಲ್ಲಿ ಮನೆ ಮಾಡಿದ ಮೇಲೆ ನೆರೆಮನೆಯ ಹಿರಿಯ ಮಹಿಳೆಯೊಬ್ಬರಿಂದ ನಾನು ಇದನ್ನು ಕಲಿತೆ. ನೆಂಟರಿಷ್ಟರು ಬಂದ ಮೇಲೆ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ಅದೇ ದಿನ ಮಾಡಿದರೆ ಮಸಾಲೆ ಸಿಗಡಿಗೆ ಹಿಡಿಯುವುದಿಲ್ಲ, ಮೂರು ದಿನ ಮೊದಲೇ ಮಾಡಿದರೆ ಸಿಗಡಿಯ ಹದ ಕೆಡುತ್ತದೆ. ಆದ್ದರಿಂದ ಎಲ್ಲ ಕೆಲಸವನ್ನೂ ಪಾರ್ಟಿಯ ಗಂಟೆಯಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು.

ನಾನು ಕುಂದಾಪುರದ ಕಡೆಯ ಮನೆಯಲ್ಲಿ ಚಟ್ಲಿ ಉಪ್ಪಿನಕಾಯಿ ತಿಂದು ಬೆಳೆದವಳು. ಅಲ್ಲಿ ಸಿಗಡಿಯ ನೀರಿನಂಶ ಪೂರ್ತಿ ಹೋಗುವವರೆಗೆ ಎಣ್ಣೆಯಲ್ಲಿ ಹುರಿದು, ಖಾರ, ಉಪ್ಪು, ಹುಳಿ ಬಲವಾಗಿ ಹಾಕುವುದರಿಂದ ಅದು ಬಾಟಲಿಯಲ್ಲಿ ಬಹಳ ದಿನ ತಡೆಯುತ್ತದೆ. ಲೋಕಂಟ್ರಿಯ ಪದಾರ್ಥದಲ್ಲಿ ಸಿಗಡಿ ತೇವವಾಗಿಯೇ ಇರುತ್ತದೆ, ಈರುಳ್ಳಿಯೂ ನಿಂಬೆಯೂ ಹಸಿಯಾಗಿರುತ್ತವೆ, ವಿನೆಗರಿನ ಅರ್ಧಕ್ಕಿಂತ ಹೆಚ್ಚು ಎಣ್ಣೆ ಬೆರೆತಿರುತ್ತದೆ; ಇಷ್ಟು ಹುಳಿಯನ್ನು ನಂಬಿ ಜಾಡಿಯನ್ನು ಅಡುಗೆಮನೆಯ ಕಪಾಟಿನಲ್ಲಿ ಇಡುವಂತಿಲ್ಲ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ಬಾಟ್ಯುಲಿಸಂ ರೋಗಾಣುವಿನ ಭಯವೂ ಇದೆ. ಹಾಗಾಗಿ ಸಿಗಡಿ ಬೆಂದು ಆರಿದ ಗಳಿಗೆಯಿಂದ ಬಡಿಸುವ ಗಳಿಗೆಯವರೆಗೆ ಇದು 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರದ ಫ್ರಿಜ್ಜಿನಲ್ಲೇ ಇರಬೇಕು. ಊರಿನಿಂದ ಬಂದವರು ಯಾರಾದರೂ ಒಂದು ಬಾಟಲಿ ಕಟ್ಟಿಕೊಡು ಎಂದು ಕೇಳಿದರೆ ನಾನು ಇಲ್ಲವೆಂದೇ ಹೇಳುತ್ತೇನೆ, ಅವರು ಎಷ್ಟೇ ಬೇಸರ ಮಾಡಿಕೊಂಡರೂ ಸರಿ.

ಸಿಗಡಿ ಕೊಳ್ಳುವಾಗ ಇಲ್ಲಿ ನೋಡಬೇಕಾದದ್ದು ಪ್ಯಾಕೆಟ್ಟಿನ ಮೇಲಿನ ಸಂಖ್ಯೆಯನ್ನು. 31-40 ಎಂದು ಬರೆದಿದ್ದರೆ ಒಂದು ಪೌಂಡಿಗೆ ಅಷ್ಟು ಸಿಗಡಿ ಬರುತ್ತವೆ ಎಂದರ್ಥ. ಒಂದೇ ಬಾಯಿಗೆ ಹೋಗುವ ಈ ಗಾತ್ರವೇ ನನಗೆ ಇಷ್ಟ. 16-20ರ ದೊಡ್ಡ ಸಿಗಡಿ ತಟ್ಟೆಯಲ್ಲಿ ಚೆನ್ನಾಗಿ ಕಂಡರೂ ಅದರ ಒಳಗಿನವರೆಗೆ ಮಸಾಲೆ ಇಳಿಯಲು ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಹೊರಭಾಗ ಬಿರುಸಾಗಿರುತ್ತದೆ. ತಲೆ ತೆಗೆದ, ಸಿಪ್ಪೆಯಿರುವ ಮೂರು ಪೌಂಡ್ ತಂದರೆ ನೂರರ ಆಸುಪಾಸಿನಲ್ಲಿ ಸಿಗುತ್ತವೆ, ಇಪ್ಪತ್ತು ಇಪ್ಪತ್ತೈದು ಜನರಿಗೆ ಅದು ಸಾಕು. ನಮ್ಮ ಊರಿನ ಶೆಮ್ ಕ್ರೀಕ್ ಎಂಬ ತೊರೆಯ ದಡದಲ್ಲಿ ಸಿಗಡಿ ದೋಣಿಗಳು ಇನ್ನೂ ಬಂದು ನಿಲ್ಲುತ್ತವೆ. ಬೇಸಿಗೆಯಲ್ಲಿ ಕಂದು ಸಿಗಡಿ, ಶರತ್ಕಾಲದಲ್ಲಿ ಬಿಳಿ ಸಿಗಡಿ ಬರುತ್ತದೆ. ಕಂದು ಸಿಗಡಿಯ ವಾಸನೆ ಸ್ವಲ್ಪ ಗಾಢ, ಬಿಳಿಯದು ಸಿಹಿ, ಹಾಗಾಗಿ ಈ ಕೆಲಸಕ್ಕೆ ಬಿಳಿಯದೇ ಮೇಲು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಇಲ್ಲಿ 60 ದಿನಗಳ ಕಾಲ, ಪರವಾನಗಿ ಪಡೆದ ಸಾಮಾನ್ಯ ಜನರೂ ಮೇವು ಹಾಕಿ ಬೀಸುಬಲೆಯಿಂದ ಸಿಗಡಿ ಹಿಡಿಯಬಹುದು. ಕೈಯಲ್ಲೇ ಹೆಣೆದ ಬೀಸುಬಲೆಗಳ ಕಸುಬನ್ನು ಈ ತೀರದಲ್ಲಿ ಉಳಿಸಿಕೊಂಡು ಬಂದವರು ಆಫ್ರಿಕಾ ಮೂಲದ ಗಲ್ಲಾ ಗೀಚಿ ಜನ.

ಫ್ರೋಜನ್ ಸಿಗಡಿಯೂ ಆಗುತ್ತದೆ. ಆದರೆ ಪ್ಯಾಕೆಟ್ಟಿನ ಹಿಂಬದಿ ಓದಿ, ಸಿಗಡಿ ಮತ್ತು ಉಪ್ಪು ಬಿಟ್ಟು ಬೇರೇನೂ ಇಲ್ಲದ್ದನ್ನೇ ಆರಿಸಬೇಕು. ಸೋಡಿಯಂ ಟ್ರೈಪಾಲಿಫಾಸ್ಫೇಟ್ ಹಾಕಿದ ಸಿಗಡಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಆ ನೀರೆಲ್ಲ ಆಮೇಲೆ ಜಾಡಿಯೊಳಗೆ ಬಿಟ್ಟುಕೊಂಡು ಹುಳಿ ತೆಳ್ಳಗಾಗುತ್ತದೆ, ಸಿಗಡಿಯ ಮೈ ರಬ್ಬರಿನ ಹದಕ್ಕೆ ಬರುತ್ತದೆ.

ಬೇಯಿಸುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಚಿಕ್ಕ ಭಾಗ, ಆದರೆ ಕಣ್ಣು ತೆಗೆಯಲಾಗದ ಭಾಗ. ನಾಲ್ಕು ಲೀಟರಿನಷ್ಟು ನೀರಿಗೆ ಕಾಲು ಕಪ್ ಉಪ್ಪು, ಅರ್ಧ ಹೋಳು ಮಾಡಿದ ಒಂದು ನಿಂಬೆ, ಕೆಲವು ಕರಿಮೆಣಸು, ಎರಡು ಬೇ ಎಲೆ ಹಾಕಿ ಹತ್ತು ನಿಮಿಷ ಕುದಿಸುತ್ತೇನೆ. ಮನೆಯಲ್ಲಿ ಓಲ್ಡ್ ಬೇ ಮಸಾಲೆ ಇದ್ದರೆ ಒಂದು ದೊಡ್ಡ ಚಮಚ ಅದನ್ನೂ ಸೇರಿಸುವುದುಂಟು. ಬೆನ್ನಿನ ಕಪ್ಪು ನಾರು ತೆಗೆದು, ಬಾಲದ ತುದಿಯನ್ನು ಹಾಗೆಯೇ ಉಳಿಸಿ ಸುಲಿದ ಸಿಗಡಿಯನ್ನು ಎರಡು ಪಾಳಿಯಲ್ಲಿ ಬೇಯಿಸುವುದು ಒಳ್ಳೆಯದು, ಏಕೆಂದರೆ ಮೂರು ಪೌಂಡನ್ನೂ ಒಮ್ಮೆಲೇ ಸುರಿದರೆ ನೀರಿನ ಕಾವು ಇಳಿದು ಕೆಲವು ಬೆಂದು ಕೆಲವು ಹಸಿಯಾಗಿ ಉಳಿಯುತ್ತವೆ. ಸಿಗಡಿ ಹಾಕಿದ ಕೂಡಲೇ ಒಲೆ ಆರಿಸಿ ಮುಚ್ಚಳ ಮುಚ್ಚುತ್ತೇನೆ. ಎರಡು ಮೂರು ನಿಮಿಷದಲ್ಲಿ ಬೂದು ಬಣ್ಣ ಹೋಗಿ ಮೈ ಗುಲಾಬಿಯಾಗುತ್ತದೆ, ಬಾಲ ಕೆಂಪೇರುತ್ತದೆ, ಸಿಗಡಿ ಕುಡುಗೋಲಿನಂತೆ ಅರ್ಧ ಬಾಗುತ್ತದೆ. ಒಂದನ್ನು ತೆಗೆದು ತಲೆಯ ಕಡೆಯ ದಪ್ಪ ಭಾಗವನ್ನು ಕತ್ತರಿಸಿ ನೋಡಿದಾಗ ನಡುವಿನ ಪಾರದರ್ಶಕ ಗೆರೆ ಆಗಷ್ಟೇ ಬೆಳ್ಳಗಾಗಿರಬೇಕು. ಪೂರ್ತಿ ಉಂಗುರದಂತೆ ಸುರುಳಿಕೊಂಡಿದ್ದರೆ ಬೆಂದದ್ದು ಹೆಚ್ಚಾಯಿತು ಎಂದೇ ತಿಳಿಯಬೇಕು, ಮುಂದೆ ಹುಳಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಹುಳಿಯೇ ಬೇಯಿಸುತ್ತದಲ್ಲ, ಹಸಿ ಸಿಗಡಿಯನ್ನೇ ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ವಿನೆಗರು ಸಿಗಡಿಯ ಪ್ರೋಟೀನನ್ನು ಗಟ್ಟಿ ಮಾಡಿ ಬೆಂದಂತೆ ಕಾಣಿಸುತ್ತದೆ, ಆದರೆ ಬೆಚ್ಚಗಿನ ಕಡಲ ನೀರಿನಲ್ಲಿರುವ ವಿಬ್ರಿಯೊದಂಥ ರೋಗಾಣುಗಳನ್ನು ಕಾವಿನಷ್ಟು ಖಾತ್ರಿಯಾಗಿ ಕೊಲ್ಲುವುದಿಲ್ಲ. ಬಂದವರಲ್ಲಿ ವಯಸ್ಸಾದವರು, ಬಸುರಿಯರು ಇರುವ ಪಾರ್ಟಿಯಲ್ಲಿ ಆ ಸಾಹಸ ಬೇಡವೇ ಬೇಡ.

ಬೆಂದ ಸಿಗಡಿಯನ್ನು ಮಂಜುಗಡ್ಡೆಯ ನೀರಿಗೆ ಹಾಕಿ, ತಣಿದ ತಕ್ಷಣ ಬಸಿದು, ಪೇಪರ್ ಟವೆಲ್ ಮೇಲೆ ಒಂದೇ ಪದರವಾಗಿ ಹರಡಿ ಒತ್ತಿ ಒಣಗಿಸುತ್ತೇನೆ. ಬೇಸರದ ಕೆಲಸವೇ ಸರಿ, ಆದರೆ ಒದ್ದೆ ಮೈಗೆ ಎಣ್ಣೆಯೂ ಅಂಟುವುದಿಲ್ಲ, ಮಸಾಲೆಯೂ ನಿಲ್ಲುವುದಿಲ್ಲ.

ನೆನೆಹಾಕುವ ರಸಕ್ಕೆ ಒಂದೂವರೆ ಕಪ್ ಆಪಲ್ ಸೈಡರ್ ವಿನೆಗರ್, ಒಂದು ಕಪ್ ಎಣ್ಣೆ, ಅರ್ಧ ಕಪ್ ನಿಂಬೆರಸ, ಎರಡು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ ಬೇಕು. ವಿನೆಗರಿನ ಬಾಟಲಿಯ ಮೇಲೆ ಆಮ್ಲತೆ 5 ಶೇಕಡಾ ಎಂದಿರಬೇಕು. ಹಲವರು ಆಲಿವ್ ಎಣ್ಣೆಯನ್ನೇ ಹೇಳುತ್ತಾರೆ, ಆದರೆ ಫ್ರಿಜ್ಜಿನಲ್ಲಿ ಅದು ಮಂಜುಗಟ್ಟಿ ಸಿಗಡಿಯ ಮೇಲೆ ಬಿಳಿಯ ತುಣುಕುಗಳಾಗಿ ಕೂರುತ್ತದೆ. ನಾನು ಮುಕ್ಕಾಲು ಪಾಲು ಸೂರ್ಯಕಾಂತಿ ಎಣ್ಣೆ, ಕಾಲು ಪಾಲು ಆಲಿವ್ ಎಣ್ಣೆ ಹಾಕುತ್ತೇನೆ. ಸಾಸಿವೆ ಎರಡು ಚಮಚ, ಸೆಲರಿ ಬೀಜ ಎರಡು ಚಮಚ, ಕರಿಮೆಣಸು ಮತ್ತು ಒಣಮೆಣಸಿನ ಚೂರು ಒಂದೊಂದು ಚಮಚ, ತೆಳ್ಳಗೆ ಹೆಚ್ಚಿದ ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪುನೀರಿನಿಂದ ತೆಗೆದ ಮೂರು ದೊಡ್ಡ ಚಮಚ ಕೇಪರ್ಸ್ ಮೊಗ್ಗು. ಸೆಲರಿ ಬೀಜ ನೋಡಲು ಓಮದ ಹಾಗೆಯೇ ಇದೆ, ಇನ್ನೂ ಸಣ್ಣದು. ಆದರೆ ಅದರ ಬದಲಿಗೆ ಓಮ ಹಾಕಿದರೆ ಜಾಡಿಯೆಲ್ಲ ಓಮದ ಘಾಟೇ ಆಗುತ್ತದೆ. ಬೇ ಎಲೆಯ ವಿಷಯದಲ್ಲೂ ಅಷ್ಟೇ. ಇಂಡಿಯನ್ ಅಂಗಡಿಯ ಪಲಾವ್ ಎಲೆಯಲ್ಲಿ ಉದ್ದಕ್ಕೆ ಮೂರು ನರಗಳಿರುತ್ತವೆ, ಮುರಿದರೆ ದಾಲ್ಚಿನ್ನಿಯ ವಾಸನೆ ಬರುತ್ತದೆ. ಇಲ್ಲಿ ಬೇಕಾದ ಎಲೆ ಅದಕ್ಕಿಂತ ಚಿಕ್ಕದು, ನಡುವೆ ಒಂದೇ ನರ, ವಾಸನೆ ನೀಲಗಿರಿ ಎಲೆಯ ಕಡೆಗೆ. ಅಂಥವು ಹನ್ನೆರಡು ಬೇಕು. ಕಡಿಮೆ ಮಾಡುವ ಮನಸ್ಸಾಗುತ್ತದೆ, ಮಾಡಬಾರದು, ಈ ಪದಾರ್ಥದ ಗುರುತೇ ಆ ಎಲೆಯ ಪರಿಮಳ.

ಈರುಳ್ಳಿ ಎರಡು, ಕಾಗದದಷ್ಟು ತೆಳ್ಳಗೆ ಬಿಲ್ಲೆಯಾಗಿ. ವಸಂತದಿಂದ ಬೇಸಿಗೆಯವರೆಗೆ ಜಾರ್ಜಿಯಾದ ವಿಡೇಲಿಯಾ ಈರುಳ್ಳಿ ಸಿಗುತ್ತದೆ. ಗಂಧಕ ಕಡಿಮೆಯಿರುವ ಮಣ್ಣಿನಲ್ಲಿ ಬೆಳೆಯುವುದರಿಂದ ಅದಕ್ಕೆ ಖಾರವಿಲ್ಲ, ಮರುದಿನದ ಹೊತ್ತಿಗೆ ಸಿಗಡಿಗಿಂತ ಮೊದಲು ಖಾಲಿಯಾಗುವುದೂ ಅದೇ. ನಿಂಬೆಯ ಬಿಲ್ಲೆಗಳ ಬೀಜವನ್ನು ಒಂದೂ ಬಿಡದೆ ತೆಗೆಯಬೇಕು, ಇಲ್ಲವಾದರೆ ಕಹಿ ಬಿಡುತ್ತದೆ.

ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಸಿಗಡಿ, ಈರುಳ್ಳಿ, ನಿಂಬೆ, ಎಲೆ ಎಂದು ಪದರ ಪದರವಾಗಿ ಜೋಡಿಸಿ, ಚೆನ್ನಾಗಿ ಕಲಕಿದ ರಸವನ್ನು ಎಲ್ಲವೂ ಮುಳುಗುವಂತೆ ಸುರಿಯುತ್ತೇನೆ. ಅಲ್ಯೂಮಿನಿಯಂ ಪಾತ್ರೆ ಹುಳಿಗೆ ಆಗದು. ಶನಿವಾರ ಸಂಜೆ ಏಳಕ್ಕೆ ಜನ ಬರುವುದಾದರೆ ಶುಕ್ರವಾರ ಸಂಜೆ ಏಳರ ಒಳಗೆ ಜಾಡಿ ಫ್ರಿಜ್ ಸೇರಿರಬೇಕು. ನಡುವೆ ಎರಡು ಮೂರು ಸಲ, ತಳಕ್ಕಿಳಿದ ಮಸಾಲೆ ಮೇಲೆ ಬರುವಂತೆ, ಜಾಡಿಯನ್ನು ತಲೆಕೆಳಗು ಮಾಡಿಡಬೇಕು. ಹನ್ನೆರಡು ಗಂಟೆಯಲ್ಲಿ ತಿನ್ನುವ ಮಟ್ಟಕ್ಕೆ ಬರುತ್ತದೆ, ಇಪ್ಪತ್ನಾಲ್ಕರಲ್ಲಿ ಹದವಾಗುತ್ತದೆ. ನಲವತ್ತೆಂಟು ದಾಟಿದ ಮೇಲೆ ಸಿಗಡಿಯ ಮೈ ಹಿಟ್ಟುಹಿಟ್ಟಾಗತೊಡಗುತ್ತದೆ, ನಿಂಬೆ ಸಿಪ್ಪೆಯ ಕಹಿ ಮೇಲೇಳುತ್ತದೆ.

ಬಡಿಸುವಾಗ ಅರ್ಧದಷ್ಟು ರಸವನ್ನು ಬಸಿದು, ಮಂಜುಗಡ್ಡೆ ತುಂಬಿದ ದೊಡ್ಡ ಬಟ್ಟಲಿನೊಳಗೆ ಗಾಜಿನ ಚಿಕ್ಕ ಬಟ್ಟಲಿಟ್ಟು ಅದಕ್ಕೆ ಹಾಕುತ್ತೇನೆ. ಪಕ್ಕದಲ್ಲಿ ಟೂತ್‌ಪಿಕ್, ಬಾಲ ಹಾಕಲು ಖಾಲಿ ತಟ್ಟೆ, ಸಾಲ್ಟೀನ್ ಬಿಸ್ಕತ್ತು. ಒಮ್ಮೆಲೇ ಎಲ್ಲವನ್ನೂ ಹೊರಗಿಡದೆ ಅರ್ಧ ಅರ್ಧವಾಗಿ ತಂದರೆ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದೆಂಬ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ. ಸಿಗಡಿ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಕರೆಯುವಾಗಲೇ ಕೇಳುವುದು ಕಡ್ಡಾಯ. ಕನ್ನಡದವರು ಹೆಚ್ಚು ಸೇರುವ ದಿನ ಅರ್ಧದಷ್ಟು ಜನ ಸಸ್ಯಾಹಾರಿಗಳೇ ಇರುತ್ತಾರೆ. ಅವರಿಗಾಗಿ ಸಿಗಡಿಗೆ ಕೈ ಹಾಕುವ ಮೊದಲೇ ಅದೇ ರಸದಲ್ಲಿ ಹೂಕೋಸು ಮತ್ತು ಅಣಬೆಯನ್ನು ಅರೆಬೇಯಿಸಿ ಬೇರೆ ಜಾಡಿಯಲ್ಲಿ ಹಾಕಿಟ್ಟು, ಬೇರೆ ಚಮಚದೊಂದಿಗೆ ಮೇಜಿನ ಇನ್ನೊಂದು ತುದಿಯಲ್ಲಿ ಇಡುತ್ತೇನೆ. ಅಣಬೆಗೆ ಈ ಹುಳಿ ಸಿಗಡಿಗಿಂತಲೂ ಚೆನ್ನಾಗಿ ಒಗ್ಗುತ್ತದೆ ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಮೇಜಿಗೆ ಹೋಗದೆ ಫ್ರಿಜ್ಜಿನಲ್ಲೇ ಉಳಿದ ಸಿಗಡಿಯನ್ನು ಮರುದಿನವೇ ರಸದಿಂದ ತೆಗೆದು, ಸಣ್ಣಗೆ ಹೆಚ್ಚಿ, ಬೇಯಿಸಿದ ಆಲೂಗಡ್ಡೆಯ ಜೊತೆ ಕಲಸಿ ತಿಂದು ಮುಗಿಸುತ್ತೇವೆ. ರಸವನ್ನು ಮತ್ತೆ ಬಳಸುವುದಿಲ್ಲ, ಚೆಲ್ಲಿಬಿಡುತ್ತೇನೆ.